ದಾರಿ ಹೇಳುವ ಆ್ಯಪ್, ದಾರಿ ನೋಡಬೇಕಾದ ಚಾಲಕ: ನ್ಯಾವಿಗೇಷನ್ ಸೇವೆಗಳ ಒಂದು ವಿಮರ್ಶೆ

ಮೊಬೈಲ್ ಫೋನಿನ ನ್ಯಾವಿಗೇಷನ್ ಆ್ಯಪ್‌ಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಯಾವುದು ಬೇಗ ತಲುಪಿಸುತ್ತದೆ, ಯಾವುದರ ನಕ್ಷೆ ನೋಡಲು ಅಂದವಾಗಿದೆ, ಯಾವುದು ಬ್ಯಾಟರಿಯನ್ನು ಕಡಿಮೆ ಬಳಸುತ್ತದೆ ಎಂಬ ಪ್ರಶ್ನೆಗಳಲ್ಲೇ ಮುಗಿದುಹೋಗುತ್ತವೆ. ಆ ಪ್ರಶ್ನೆಗಳು ಅನಗತ್ಯವೆಂದು ನಾನು ಹೇಳುವುದಿಲ್ಲ. ಆದರೆ ಈ ಸೇವೆಯನ್ನು ಜನ ಕುರ್ಚಿಯಲ್ಲಿ ಕುಳಿತು ಬಳಸುವುದಿಲ್ಲ, ಒಂದು ಟನ್ನಿನಷ್ಟೋ ಅದಕ್ಕಿಂತ ಹೆಚ್ಚೋ ತೂಕದ ವಾಹನವನ್ನು ಓಡಿಸುತ್ತಲೇ ಬಳಸುತ್ತಾರೆ ಎಂಬುದನ್ನು ನೆನಪಿಗೆ ತಂದುಕೊಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಆಗುತ್ತದೆ. ಚಾಲಕರ ಕಣ್ಣು ರಸ್ತೆಯ ಮೇಲೆಯೇ ಉಳಿಯಲು ಈ ಆ್ಯಪ್ ಎಷ್ಟು ನೆರವಾಗುತ್ತದೆ, ಎಲ್ಲೆಲ್ಲಿ ಅಡ್ಡಿಯಾಗುತ್ತದೆ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಎಷ್ಟರ ಮಟ್ಟಿಗೆ ಒಪ್ಪಿಕೊಳ್ಳುತ್ತದೆ? ಗೂಗಲ್ ಮ್ಯಾಪ್ಸ್, ವೇಜ್, ಆ್ಯಪಲ್ ಮ್ಯಾಪ್ಸ್ ಮತ್ತು ಸ್ವಯಂಸೇವಕರು ಸೇರಿ ರೂಪಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆಫ್‌ಲೈನ್ ಆ್ಯಪ್‌ಗಳನ್ನು ಈ ಒಂದೇ ಅಳತೆಗೋಲಿನಿಂದ ನೋಡುವ ಪ್ರಯತ್ನ ಇಲ್ಲಿದೆ.

ಇಂಥ ಸೇವೆಗೆ ನಿಜವಾಗಿ ಏನು ಗೊತ್ತಿರುತ್ತದೆ ಎಂಬಲ್ಲಿಂದ ಆರಂಭಿಸುವುದು ಸರಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತಗಳು ದೊರೆತರೆ ಫೋನು ತಾನಿರುವ ಜಾಗವನ್ನು ಲೆಕ್ಕ ಹಾಕಬಲ್ಲದು. ನಾಗರಿಕ ಬಳಕೆಯ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುವ ಕ್ರಮವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ಕೈಬಿಟ್ಟ ಮೇಲೆ ಈ ಲೆಕ್ಕದ ನಿಖರತೆ ಬಹಳ ಸುಧಾರಿಸಿತು. ಇಂದು ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನ್ ಸುಮಾರು 5 ಮೀಟರ್‌ನ ಆಸುಪಾಸಿನಲ್ಲಿ ತನ್ನ ಸ್ಥಾನವನ್ನು ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತಗಳು ಗೋಡೆಗೆ ಬಡಿದು ತಿರುಗಿ ಬರುವುದರಿಂದ ಈ ಅಂತರ ಹೆಚ್ಚುತ್ತದೆ. ಸುರಂಗದೊಳಗೆ ಸಂಕೇತವೇ ಇರುವುದಿಲ್ಲ. ರಸ್ತೆಯ ಒಂದು ಪಥದ ಅಗಲ ಮೂರು, ಮೂರೂವರೆ ಮೀಟರ್ ಮಾತ್ರ ಎಂಬುದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿದರೆ, ಮುಖ್ಯರಸ್ತೆಯಲ್ಲಿರುವ ವಾಹನವನ್ನು ಸರ್ವಿಸ್ ರಸ್ತೆಯಲ್ಲಿದೆಯೆಂದೂ ಫ್ಲೈಓವರ್ ಕೆಳಗಿರುವ ವಾಹನವನ್ನು ಅದರ ಮೇಲಿದೆಯೆಂದೂ ಆ್ಯಪ್ ಭಾವಿಸುವುದು ಏಕೆಂದು ತಿಳಿಯುತ್ತದೆ.

ಈ ಅನಿಶ್ಚಿತತೆ ಪರದೆಯ ಮೇಲೆ ಕಾಣುವುದೇ ಇಲ್ಲ ಎಂಬುದು ನನ್ನ ಮೊದಲ ಆಕ್ಷೇಪ. ಉಪಗ್ರಹಗಳಿಂದ ಲೆಕ್ಕ ಹಾಕಿದ ಬಿಂದು ರಸ್ತೆಯ ಆಚೆಗೆ ಬಿದ್ದರೂ ಆ್ಯಪ್ ಅದನ್ನು ಹತ್ತಿರದ ರಸ್ತೆಯ ಗೆರೆಗೆ ಎಳೆದು ಕೂರಿಸುತ್ತದೆ. ಹಾಗಾಗಿ ನೀಲಿ ಬಾಣ ಸದಾ ರಸ್ತೆಯ ನಟ್ಟನಡುವೆ, ಯಾವ ಅನುಮಾನವೂ ಇಲ್ಲದಂತೆ ಸಾಗುತ್ತಿರುತ್ತದೆ. ಧ್ವನಿಸೂಚನೆಯ ಸ್ವರವೂ ಹಾಗೆಯೇ: ನೂರಕ್ಕೆ ನೂರು ಖಚಿತವಾದ ತಿರುವನ್ನೂ, ಊಹೆಯ ಮೇಲೆ ಹೇಳಿದ ತಿರುವನ್ನೂ ಅದು ಒಂದೇ ದನಿಯಲ್ಲಿ ಹೇಳುತ್ತದೆ. ಸೂಚನೆ ತಡವಾಗಿ ಬಂದಾಗ ಹಠಾತ್ತನೆ ಪಥ ಬದಲಿಸುವ, ಹೆದ್ದಾರಿಯ ನಿರ್ಗಮನ ದಾಟಿಹೋಯಿತೆಂದು ವಾಹನವನ್ನು ಹಿಂದಕ್ಕೆ ತೆಗೆಯುವ ಚಾಲಕರು ಅಪಾಯಕ್ಕೆ ಸಿಲುಕುವುದು ಈ ಖಚಿತ ದನಿಯನ್ನು ಆಜ್ಞೆಯೆಂದು ತಿಳಿದದ್ದರಿಂದ. ಇದೇ ಸಂದರ್ಭದಲ್ಲಿ ಆ್ಯಪ್‌ನ ಅತ್ಯುತ್ತಮ ಗುಣವನ್ನೂ ಹೇಳಬೇಕು. ತಿರುವು ತಪ್ಪಿದರೆ ಅದು ಗದರಿಸುವುದಿಲ್ಲ, ಕೆಲವೇ ಕ್ಷಣಗಳಲ್ಲಿ ಹೊಸ ದಾರಿಯನ್ನು ಲೆಕ್ಕ ಹಾಕಿ ಕೊಡುತ್ತದೆ. ಕಾಗದದ ನಕ್ಷೆಯ ಕಾಲದಲ್ಲಿ ತಪ್ಪಿದ ತಿರುವಿಗೆ ತೆರಬೇಕಾಗಿದ್ದ ಬೆಲೆ ಈಗ ಕೆಲವು ನಿಮಿಷಗಳಷ್ಟೇ ಆಗಿರುವಾಗ, ಆ ಕೆಲವು ನಿಮಿಷಗಳಿಗಾಗಿ ಮೂರು ಪಥಗಳನ್ನು ಅಡ್ಡಹಾಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಂಚಾರ ದಟ್ಟಣೆಯ ಮಾಹಿತಿ ಈ ಸೇವೆಗಳ ಹೆಗ್ಗಳಿಕೆ. ಅದರ ಮೂಲ ಸರಳವಾದದ್ದು: ಅದೇ ರಸ್ತೆಯಲ್ಲಿ ಸಾಗುತ್ತಿರುವ ಬೇರೆ ಬೇರೆ ಫೋನುಗಳ ವೇಗವನ್ನು ಒಟ್ಟುಗೂಡಿಸಿ ರಸ್ತೆಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿಯಲಾಗುತ್ತದೆ. ಜರ್ಮನಿಯ ಕಲಾವಿದ ಸೈಮನ್ ವೆಕರ್ಟ್ ಒಂದು ಪುಟ್ಟ ಕೈಗಾಡಿಯಲ್ಲಿ 99 ಫೋನುಗಳನ್ನು ತುಂಬಿಕೊಂಡು ಬರ್ಲಿನ್ನಿನ ಖಾಲಿ ರಸ್ತೆಗಳಲ್ಲಿ ನಿಧಾನವಾಗಿ ಎಳೆದುಕೊಂಡು ಹೋಗಿ, ಗೂಗಲ್ ಮ್ಯಾಪ್ಸ್‌ನಲ್ಲಿ ಆ ರಸ್ತೆಗಳು ಕೆಂಪಾಗುವಂತೆ ಮಾಡಿದ ಪ್ರಯೋಗ 2020ರ ಆರಂಭದಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದನ್ನು ಬಹಳ ಮಂದಿ ತಮಾಷೆಯಾಗಿ ತೆಗೆದುಕೊಂಡರು. ಚಾಲಕರು ಅದರಿಂದ ತಿಳಿಯಬೇಕಾದದ್ದು, ನಕ್ಷೆಯ ಬಣ್ಣ ರಸ್ತೆಯ ಸ್ಥಿತಿಯನ್ನು ಹೇಳುವುದಿಲ್ಲ, ಅದರ ಮೇಲಿನ ಫೋನುಗಳ ವೇಗವನ್ನಷ್ಟೇ ಹೇಳುತ್ತದೆ ಎಂಬುದನ್ನು.

ಈ ವ್ಯತ್ಯಾಸ ಎಷ್ಟು ಗಂಭೀರವಾಗಬಲ್ಲದು ಎಂಬುದು 2017ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಬೆಟ್ಟಗಳಿಗೆ ಬೆಂಕಿ ಬಿದ್ದಾಗ ಕಂಡಿತು. ಬೆಂಕಿ ಹರಡಿದ್ದ ಬಡಾವಣೆಗಳಿಂದ ಜನ ತೆರವಾಗಿದ್ದರಿಂದ ಅಲ್ಲಿನ ಬೀದಿಗಳು ಖಾಲಿಯಾಗಿದ್ದವು. ಖಾಲಿ ಬೀದಿಗಳೆಂದರೆ ವೇಗದ ದಾರಿ ಎಂದು ಲೆಕ್ಕ ಹಾಕಿದ ಆ್ಯಪ್‌ಗಳು ವಾಹನಗಳನ್ನು ಅತ್ತಲೇ ತಿರುಗಿಸತೊಡಗಿದವು. ನ್ಯಾವಿಗೇಷನ್ ಆ್ಯಪ್‌ಗಳನ್ನು ಬಳಸಬೇಡಿ ಎಂದು ನಗರದ ಪೊಲೀಸರೇ ಚಾಲಕರನ್ನು ಕೇಳಿಕೊಳ್ಳಬೇಕಾಯಿತು. ಪ್ರವಾಹ, ಭೂಕುಸಿತ, ಗಲಭೆ ಯಾವುದೇ ಇರಲಿ, ರಸ್ತೆ ಖಾಲಿಯಾಗಿದೆ ಎಂಬುದಕ್ಕೆ ಕಾರಣವೇನೆಂದು ವಿಚಾರಿಸುವ ಶಕ್ತಿ ಆ್ಯಪ್‌ನ ಲೆಕ್ಕಾಚಾರಕ್ಕೆ ಇಲ್ಲ. ಎಲ್ಲರೂ ಹಿಂದಿರುಗಿ ಬರುತ್ತಿರುವ ದಾರಿಯಲ್ಲಿ ತಾವೊಬ್ಬರೇ ಮುಂದೆ ಹೋಗುತ್ತಿರುವಾಗ ಒಂದು ಕ್ಷಣ ನಿಂತು ಯೋಚಿಸುವ ಶಕ್ತಿ ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಇದೆ.

ಇನ್ನು ನಕ್ಷೆಯಲ್ಲಿದ್ದು ನೆಲದ ಮೇಲೆ ಇಲ್ಲದ ರಸ್ತೆಗಳ ವಿಷಯ. ಈ ಸೇವೆಗಳ ಮೇಲೆ ಬರುವ ಆರೋಪಗಳಲ್ಲಿ ಅತ್ಯಂತ ಭಾರವಾದದ್ದು ಇದೇ, ಮತ್ತು ಹೊಣೆ ಯಾರದು ಎಂಬ ಪ್ರಶ್ನೆ ನಿಜವಾಗಿ ಕಠಿಣವಾಗುವುದೂ ಇಲ್ಲಿಯೇ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಹಿಕರಿ ಎಂಬಲ್ಲಿ 2013ರಲ್ಲೇ ಕುಸಿದಿದ್ದ ಸೇತುವೆಯೊಂದರಿಂದ 2022ರ ಸೆಪ್ಟೆಂಬರಿನ ಒಂದು ರಾತ್ರಿ ಕಾರೊಂದು ಕೆಳಗೆ ಬಿದ್ದು ಅದರ ಚಾಲಕ ಮೃತಪಟ್ಟರು. ಸೇತುವೆ ಇಲ್ಲವೆಂದು ಸ್ಥಳೀಯರು ಹಲವು ಬಾರಿ ತಿಳಿಸಿದ್ದರೂ ಗೂಗಲ್ ಮ್ಯಾಪ್ಸ್ ದಾರಿಯನ್ನು ಸರಿಪಡಿಸಲಿಲ್ಲ ಎಂದು ದೂರಿ ಕುಟುಂಬದವರು 2023ರಲ್ಲಿ ಮೊಕದ್ದಮೆ ಹೂಡಿದರು. ಸೇತುವೆಯ ಜಾಗದ ಹೊಣೆ ಹೊತ್ತಿದ್ದ ಖಾಸಗಿ ಸಂಸ್ಥೆಗಳನ್ನೂ ಅದರಲ್ಲಿ ಪ್ರತಿವಾದಿಗಳನ್ನಾಗಿ ಮಾಡಲಾಗಿತ್ತು. ಆ ರಾತ್ರಿ ಅಲ್ಲಿ ತಡೆಗೋಡೆಯಾಗಲಿ ಎಚ್ಚರಿಕೆಯ ಫಲಕವಾಗಲಿ ಇರಲಿಲ್ಲ. ಭಾರತದಲ್ಲಿ 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಪ್ರವಾಹದಲ್ಲಿ ಮುಂಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಅದರಲ್ಲಿದ್ದ ಮೂವರು ಸತ್ತಾಗಲೂ ಚಿತ್ರ ಹೆಚ್ಚುಕಡಿಮೆ ಇದೇ ಆಗಿತ್ತು. ಪೊಲೀಸರು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಜೊತೆಗೆ ಗೂಗಲ್ ಮ್ಯಾಪ್ಸ್‌ನ ಅಧಿಕಾರಿಯೊಬ್ಬರ ವಿರುದ್ಧವೂ ಪ್ರಕರಣ ದಾಖಲಿಸಿದರು.

ಈ ಎರಡೂ ಪ್ರಕರಣಗಳಲ್ಲಿ ಸತ್ತವರತ್ತ ಬೆರಳು ತೋರಿಸುವುದು ಕ್ರೌರ್ಯ. ಮುರಿದ ಸೇತುವೆಯ ಬಾಯಿಗೆ ಅಡ್ಡಗೋಡೆ ಕಟ್ಟದವರ ಹೊಣೆ ಮೊದಲನೆಯದು, ದೂರು ಬಂದಿದ್ದೂ ನಕ್ಷೆ ತಿದ್ದದಿದ್ದರೆ ನಕ್ಷೆಯ ಸಂಸ್ಥೆಯ ಹೊಣೆ ಎರಡನೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಬೇರೆಯವರ ಹೊಣೆಯನ್ನು ಹೀಗೆ ಲೆಕ್ಕ ಹಾಕಿದ ಮಾತ್ರಕ್ಕೆ ಚಾಲಕರ ಹೊಣೆ ಕರಗಿಹೋಗುವುದಿಲ್ಲ, ಏಕೆಂದರೆ ಅದು ಆ್ಯಪ್‌ಗಳಿಗಿಂತ ಬಹಳ ಹಳೆಯದು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 13ನೇ ವಿಧಿಯ ಪ್ರಕಾರ ಚಾಲಕರು ಮುಂದೆ ತಮಗೆ ಕಾಣುವಷ್ಟು ದೂರದೊಳಗೆ ವಾಹನವನ್ನು ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಓಡಿಸಬೇಕು. ಬ್ರಿಟನ್ನಿನ ಹೆದ್ದಾರಿ ಸಂಹಿತೆ ಕೊಡುವ ಲೆಕ್ಕದಂತೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿರುವ ಕಾರು ಪೂರ್ತಿ ನಿಲ್ಲಲು 53 ಮೀಟರ್ ಬೇಕು. ಅದು ಕೂಡ ಒಣ ರಸ್ತೆಯಲ್ಲಿ, ಚಾಲಕರು ಎಚ್ಚರವಾಗಿದ್ದಾಗ. ಮಂದ ಬೆಳಕಿಗೆ ಇಳಿಸಿದ ಹೆಡ್‌ಲೈಟ್ ಅಷ್ಟು ದೂರವನ್ನು ಚೆನ್ನಾಗಿ ತೋರಿಸುತ್ತದೆಂಬ ಖಾತ್ರಿಯಿಲ್ಲ. ಕತ್ತಲೆಯಲ್ಲಿ, ಮಂಜಿನಲ್ಲಿ, ಗುರುತಿಲ್ಲದ ರಸ್ತೆಯಲ್ಲಿ ವೇಗವನ್ನು ನಿರ್ಧರಿಸಬೇಕಾದದ್ದು ಕಣ್ಣಿಗೆ ಕಾಣುವ ದೂರ. ಪರದೆಯ ಮೇಲೆ ಮುಂದಿನ ನಾಲ್ಕು ಕಿಲೋಮೀಟರ್ ನೇರ ನೀಲಿ ಗೆರೆ ಇರುವುದು ಅದಕ್ಕೆ ಬದಲಿಯಲ್ಲ.

ಸಂಸ್ಥೆಗಳು ಈ ವಿಷಯವನ್ನು ಮುಚ್ಚಿಟ್ಟಿಲ್ಲ ಎಂಬುದನ್ನೂ ಹೇಳಬೇಕು, ಆದರೆ ಹೇಳಿರುವ ಜಾಗ ಮಾತ್ರ ಯಾರೂ ಓದದ ಜಾಗ. ನಿಜವಾದ ಪರಿಸ್ಥಿತಿ ನಕ್ಷೆಗಿಂತ ಭಿನ್ನವಾಗಿರಬಹುದು, ಸ್ವಂತ ವಿವೇಚನೆ ಬಳಸಬೇಕು, ನಡವಳಿಕೆಗೂ ಅದರ ಪರಿಣಾಮಕ್ಕೂ ಬಳಕೆದಾರರೇ ಜವಾಬ್ದಾರರು ಎಂಬ ಅರ್ಥದ ಮಾತುಗಳು ಗೂಗಲ್ ಮ್ಯಾಪ್ಸ್‌ನ ಬಳಕೆಯ ಷರತ್ತುಗಳಲ್ಲಿ ಸ್ಪಷ್ಟವಾಗಿಯೇ ಇವೆ. ಒಂದು ಕಡೆ ಷರತ್ತಿನ ಸಣ್ಣ ಅಕ್ಷರಗಳಲ್ಲಿ ನಂಬಬೇಡಿ ಎನ್ನುತ್ತ, ಇನ್ನೊಂದು ಕಡೆ ಪರದೆಯ ದೊಡ್ಡ ಅಕ್ಷರಗಳಲ್ಲಿ ಅನುಮಾನದ ಸುಳಿವನ್ನೂ ಕೊಡದೆ ದಾರಿ ತೋರಿಸುವುದು ಪ್ರಾಮಾಣಿಕ ವಿನ್ಯಾಸವೆಂದು ನನಗೆ ಅನಿಸುವುದಿಲ್ಲ. ಬಹಳ ದಿನಗಳಿಂದ ಯಾವ ಫೋನೂ ದಾಟಿಹೋಗದ ರಸ್ತೆಯನ್ನು ಬೇರೆ ಬಣ್ಣದಲ್ಲಿ ಅಥವಾ ತುಂಡು ಗೆರೆಯಲ್ಲಿ ತೋರಿಸುವುದು ಇಷ್ಟೆಲ್ಲ ಮಾಹಿತಿ ಇಟ್ಟುಕೊಂಡಿರುವವರಿಗೆ ಅಸಾಧ್ಯದ ಕೆಲಸವಾಗಲಾರದು.

ಈಗ ಗಮನಭಂಗದ ವಿಷಯಕ್ಕೆ ಬರೋಣ. ಇಲ್ಲದ ಸೇತುವೆಗಳು ಸುದ್ದಿಯಾಗುತ್ತವೆ. ಪರದೆಯತ್ತ ನೋಡುತ್ತಿದ್ದಾಗ ನಡೆದ ಡಿಕ್ಕಿಗಳು ಸುದ್ದಿಯಾಗುವುದಿಲ್ಲ. ವಾಹನ ಓಡಿಸುತ್ತ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಬಳಸದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನ್ಯಾವಿಗೇಷನ್ನಿಗಾಗಿ ಬಳಸುವುದು ಹರಟೆಗಾಗಿ ಬಳಸಿದಂತಲ್ಲ ಎಂಬ ವಾದವಿದೆ. ಅದಕ್ಕೆ ಅಮೆರಿಕದ ವಾಹನ ಚಾಲಕರ ಸಂಘಟನೆಯಾದ ಎಎಎ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದವರು 2017ರಲ್ಲಿ ನಡೆಸಿದ ಅಧ್ಯಯನ ಸರಿಯಾದ ಉತ್ತರ. ಹೊಸ ಕಾರುಗಳ ಪರದೆಗಳಲ್ಲಿ ಮಾಡುವ ಕೆಲಸಗಳ ಪೈಕಿ ಅತ್ಯಂತ ಹೆಚ್ಚು ಗಮನ ಬೇಡಿದ್ದು ಸಂಗೀತವೂ ಅಲ್ಲ, ಕರೆಯೂ ಅಲ್ಲ; ಹೋಗಬೇಕಾದ ಜಾಗವನ್ನು ನಮೂದಿಸುವ ಕೆಲಸ. ಅದಕ್ಕೆ ಸರಾಸರಿ 40 ಸೆಕೆಂಡು ಹಿಡಿಯಿತು. ಗಂಟೆಗೆ 40 ಕಿಲೋಮೀಟರಿನ ಸಾಧಾರಣ ವೇಗದಲ್ಲಿಯೂ ಅಷ್ಟರೊಳಗೆ ವಾಹನ 440 ಮೀಟರಿಗೂ ಹೆಚ್ಚು ಸಾಗಿರುತ್ತದೆ. ಬಾಯಿಮಾತಿನ ಆಜ್ಞೆಯಿಂದ ಕೆಲಸ ಮಾಡಿಸಿದರೆ ತೊಂದರೆಯಿಲ್ಲ ಎಂದುಕೊಳ್ಳುವವರು ಅದೇ ತಂಡದ 2015ರ ಫಲಿತಾಂಶವನ್ನು ಗಮನಿಸಬೇಕು: ಕೆಲವು ವ್ಯವಸ್ಥೆಗಳಲ್ಲಿ ಕೆಲಸ ಮುಗಿದ ಮೇಲೂ 27 ಸೆಕೆಂಡುಗಳವರೆಗೆ ಮನಸ್ಸು ಪೂರ್ತಿಯಾಗಿ ರಸ್ತೆಗೆ ಮರಳಿರಲಿಲ್ಲ. ಕೈಗಳು ಸ್ಟೀರಿಂಗ್ ಮೇಲೆ ಇದ್ದವು, ಕಣ್ಣುಗಳೂ ಮುಂದೆಯೇ ಇದ್ದವು.

ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ 2013ರಲ್ಲಿ ವಾಹನ ತಯಾರಕರಿಗೆ ಕೊಟ್ಟ ಮಾರ್ಗಸೂಚಿ ಇಂಥ ಆ್ಯಪ್‌ಗಳನ್ನು ಅಳೆಯಲು ಒಳ್ಳೆಯ ಮಾನದಂಡ. ಅದರ ಪ್ರಕಾರ ಒಂದು ಸಲಕ್ಕೆ ಕಣ್ಣು ರಸ್ತೆಯಿಂದ 2 ಸೆಕೆಂಡಿಗಿಂತ ಹೆಚ್ಚು ಸರಿಯಬಾರದು, ಒಂದು ಕೆಲಸ ಮುಗಿಯುವುದರೊಳಗೆ ಎಲ್ಲ ನೋಟಗಳೂ ಸೇರಿ 12 ಸೆಕೆಂಡು ಮೀರಬಾರದು. ಎರಡು ಸೆಕೆಂಡು ಅಲ್ಪವೆನಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು 33 ಮೀಟರ್, 100 ಕಿಲೋಮೀಟರ್ ವೇಗದಲ್ಲಿ ಸುಮಾರು 56 ಮೀಟರ್. ಈ ಮಾನದಂಡಕ್ಕೆ ಹಿಡಿದು ನೋಡಿದರೆ ನ್ಯಾವಿಗೇಷನ್ ಆ್ಯಪ್‌ಗಳ ಒಂದು ಭಾಗ ಬಹಳ ಚೆನ್ನಾಗಿ ಪಾಸಾಗುತ್ತದೆ, ಇನ್ನೊಂದು ಭಾಗ ಸೋಲುತ್ತದೆ. ಪಾಸಾಗುವುದು ಧ್ವನಿಸೂಚನೆ. ಮುಂದಿನ ತಿರುವು ಎಷ್ಟು ದೂರದಲ್ಲಿದೆ, ಯಾವ ಪಥದಲ್ಲಿ ಇರಬೇಕು ಎಂಬುದನ್ನು ಮುಂಚಿತವಾಗಿ ಒಮ್ಮೆ, ಹತ್ತಿರ ಬಂದಾಗ ಇನ್ನೊಮ್ಮೆ ಹೇಳುವ ಈ ವ್ಯವಸ್ಥೆಯ ಮುಂದೆ ಫಲಕಗಳನ್ನು ಹುಡುಕುತ್ತ ತಡವರಿಸುವ ಚಾಲನೆಯೂ, ಮಡಿಲಲ್ಲಿ ಕಾಗದದ ನಕ್ಷೆ ಹರಡಿಕೊಂಡು ಓಡಿಸುವ ಹಳೆಯ ಸಾಹಸವೂ ಖಂಡಿತವಾಗಿ ಹೆಚ್ಚು ಅಪಾಯಕಾರಿ. ಹಲವರು ಧ್ವನಿ ಕಿರಿಕಿರಿಯೆಂದು ಅದನ್ನು ಮುಚ್ಚಿ ಪರದೆಯನ್ನಷ್ಟೇ ನೋಡುತ್ತ ಹೋಗುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಆ್ಯಪ್‌ನ ಅತ್ಯುತ್ತಮ ಭಾಗವನ್ನು ಎಸೆದು ಅತ್ಯಂತ ದುರ್ಬಲ ಭಾಗವನ್ನು ಉಳಿಸಿಕೊಂಡಂತೆ ಇದು.

ಸೋಲುವುದು ಪರದೆಯ ಮೇಲೆ ಪುಟಿಯುವ ಪ್ರಶ್ನೆಗಳು. ಮುಂದೆ ಅಪಘಾತವಾಗಿದೆಯೆಂದು ಯಾರೋ ವರದಿ ಮಾಡಿದ ಜಾಗವನ್ನು ದಾಟುವಾಗ ಅದು ಇನ್ನೂ ಇದೆಯೇ ಎಂದು ಆ್ಯಪ್ ಕೇಳುತ್ತದೆ; ಹೌದು, ಇಲ್ಲ ಎಂಬ ಎರಡು ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಅಪಘಾತದ ಜಾಗವೆಂದರೆ ವಾಹನಗಳು ಏಕಾಏಕಿ ನಿಧಾನವಾಗುವ, ಜನ ರಸ್ತೆಗೆ ಇಳಿದಿರುವ, ಕಣ್ಣು ಅತ್ತಿತ್ತ ಸರಿಯಲೇಬಾರದ ಜಾಗ. ಅದೇ ಕ್ಷಣದಲ್ಲಿ ಚಾಲಕರ ಬೆರಳನ್ನು ಪರದೆಗೆ ಕರೆಯುವುದು ಸೇವೆಯ ಮಾಹಿತಿ ಸಂಗ್ರಹಕ್ಕೆ ಅನುಕೂಲವೇ ಹೊರತು ಚಾಲಕರಿಗಲ್ಲ. ಇನ್ನಷ್ಟು ಬೇಗದ ದಾರಿ ಸಿಕ್ಕಿದೆ, ಒಪ್ಪುವಿರಾ ಎಂಬ ಕೋರಿಕೆಯೂ ಹೀಗೆಯೇ. ಅಪಘಾತದ ಪ್ರಶ್ನೆಗೆ ಉತ್ತರಿಸದಿದ್ದರೆ ಏನೂ ನಷ್ಟವಿಲ್ಲ; ಪ್ರಶ್ನೆ ತಾನಾಗಿಯೇ ಮಾಯವಾಗುತ್ತದೆ. ಇದು ತಿಳಿದಿರುವುದೇ ದೊಡ್ಡ ನೆಮ್ಮದಿ.

ಫೋನನ್ನು ಎಲ್ಲಿ ಇಡಬೇಕೆಂಬ ಬಗ್ಗೆ ಕಾನೂನುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಬ್ರಿಟನ್ನಿನಲ್ಲಿ 2022ರ ಮಾರ್ಚ್‌ನಿಂದ ಬಿಗಿಗೊಳಿಸಿದ ನಿಯಮದ ಪ್ರಕಾರ ಸಿಗ್ನಲ್‌ನಲ್ಲಿ ನಿಂತಿರುವಾಗಲೂ ಫೋನನ್ನು ಕೈಯಲ್ಲಿ ಹಿಡಿದು ಬಳಸುವಂತಿಲ್ಲ, ಭದ್ರವಾಗಿ ಕೂರಿಸಿದ ಫೋನಿನಲ್ಲಿ ದಾರಿ ನೋಡಬಹುದು. ಭಾರತದಲ್ಲಿ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಚಾಲನೆಯ ವೇಳೆ ಫೋನನ್ನು ದಾರಿ ತಿಳಿಯಲು ಮಾತ್ರ, ಏಕಾಗ್ರತೆಗೆ ಭಂಗ ಬಾರದಂತೆ ಬಳಸಲು ಅವಕಾಶ ಕೊಟ್ಟಿತು. ಕಾನೂನು ಏನೇ ಹೇಳಲಿ, ಗಾಜಿನ ಕೆಳಅಂಚಿನ ಹತ್ತಿರ, ರಸ್ತೆಯ ನೋಟವನ್ನು ಮರೆಮಾಡದಂತೆ, ಏರ್‌ಬ್ಯಾಗ್ ತೆರೆಯುವ ದಾರಿಗೆ ಅಡ್ಡವಾಗದಂತೆ ಕೂರಿಸಿದ ಫೋನ್ ಹಿಡಿಕೆ ಇಲ್ಲದೆ ಕಾರಿನಲ್ಲಿ ಈ ಸೇವೆಯನ್ನು ಬಳಸಲೇಬಾರದು. ದ್ವಿಚಕ್ರ ವಾಹನದವರ ಸ್ಥಿತಿ ಇನ್ನೂ ನಾಜೂಕು: ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಹ್ಯಾಂಡಲ್‌ನತ್ತ ಬಗ್ಗಿ ನೋಡುವಷ್ಟರಲ್ಲಿ ಗುಂಡಿ ಬಂದಿರುತ್ತದೆ. ಎರಡೂ ಕಿವಿ ಮುಚ್ಚದ, ಸುತ್ತಲಿನ ಹಾರ್ನ್ ಕೇಳಿಸುವಷ್ಟು ಸಣ್ಣ ದನಿಯ ಸೂಚನೆ, ಅದಿಲ್ಲವಾದರೆ ಬದಿಗೆ ನಿಲ್ಲಿಸಿ ಮುಂದಿನ ಎರಡು ಮೂರು ತಿರುವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡುವುದು, ಇವೆರಡೇ ಅವರಿಗೆ ನಾನು ಸೂಚಿಸಬಲ್ಲ ಮಾರ್ಗಗಳು.

ದಾರಿಯ ಆಯ್ಕೆಯಲ್ಲಿ ಈ ಆ್ಯಪ್‌ಗಳ ಒಲವು ಸಮಯದ ಕಡೆಗೆ. ಎರಡು ದಾರಿಗಳ ನಡುವೆ ಮೂರೇ ನಿಮಿಷದ ಅಂತರವಿದ್ದರೂ, ಅಗಲವಾದ ಬೆಳಕಿರುವ ರಸ್ತೆಯನ್ನು ಬಿಟ್ಟು ಕಡಿದಾದ ಇಕ್ಕಟ್ಟಿನ ಒಳದಾರಿಯನ್ನು ಮೊದಲ ಆಯ್ಕೆಯಾಗಿ ತೋರಿಸಲು ಅವು ಹಿಂಜರಿಯುವುದಿಲ್ಲ. ಲಾಸ್ ಏಂಜಲೀಸಿನ ಬ್ಯಾಕ್ಸ್ಟರ್ ಸ್ಟ್ರೀಟ್ ಸುಮಾರು ಶೇಕಡಾ 32ರಷ್ಟು ಇಳಿಜಾರಿರುವ ಬೀದಿ; ಆ್ಯಪ್‌ಗಳು ಅದನ್ನು ಒಳದಾರಿಯಾಗಿ ತೋರಿಸತೊಡಗಿದ ಮೇಲೆ, ಅದರ ಇಳಿಜಾರು ಎಂಥದೆಂದು ತಿಳಿಯದ ಹೊರಗಿನ ಚಾಲಕರ ಕಾರುಗಳು ಮಳೆಯಲ್ಲಿ ಜಾರಿ ಬೇಲಿಗೂ ನಿಂತ ವಾಹನಗಳಿಗೂ ಬಡಿಯುತ್ತಿವೆಯೆಂದು ನಿವಾಸಿಗಳು ದೂರಿದರು, ನಗರಾಡಳಿತ 2018ರಲ್ಲಿ ಅದನ್ನು ಏಕಮುಖ ಮಾಡಿತು. 2019ರ ಜೂನ್‌ನಲ್ಲಿ ಡೆನ್ವರ್ ವಿಮಾನ ನಿಲ್ದಾಣದ ದಾರಿಯಲ್ಲಿ ಅಪಘಾತವಾಗಿ ವಾಹನಗಳು ನಿಂತಾಗ ಗೂಗಲ್ ಮ್ಯಾಪ್ಸ್ ತೋರಿಸಿದ ಬದಲಿ ದಾರಿ ಮಣ್ಣಿನದಾಗಿತ್ತು. ಮಳೆಗೆ ನೆನೆದು ಕೆಸರಾಗಿದ್ದ ಅದರಲ್ಲಿ ಸುಮಾರು ನೂರು ಕಾರುಗಳು ಒಂದರ ಹಿಂದೊಂದು ಹೋಗಿ ಸಿಕ್ಕಿಬಿದ್ದವು. ಈ ಎರಡನೆಯ ಘಟನೆಯಲ್ಲಿ ನನ್ನ ಗಮನ ಸೆಳೆಯುವುದು ಆ್ಯಪ್‌ಗಿಂತ ಹೆಚ್ಚಾಗಿ ಆ ಸಾಲು. ಡಾಂಬರು ಮುಗಿದು ಕೆಸರು ಆರಂಭವಾದದ್ದು ಪ್ರತಿಯೊಬ್ಬರ ಕಣ್ಣಿಗೂ ಕಂಡಿರಬೇಕು. ಮುಂದಿನವರು ಹೋಗುತ್ತಿದ್ದಾರೆ, ಆ್ಯಪ್ ಕೂಡ ಹೇಳುತ್ತಿದೆ ಎಂಬ ಎರಡು ಸಾಕ್ಷಿಗಳು ಕಣ್ಣಿನ ಸಾಕ್ಷಿಯನ್ನು ತಳ್ಳಿಹಾಕಿದವು. ಆದರೆ ಮುಂದಿನವರು ಹೋಗುತ್ತಿದ್ದದ್ದೂ ಅದೇ ಆ್ಯಪ್ ಹೇಳಿದ್ದರಿಂದ ಎಂದಾದರೆ ಸಾಕ್ಷಿ ಇದ್ದದ್ದು ಒಂದೇ.

ತಲುಪುವ ಸಮಯದ ಅಂದಾಜು ಉಪಯುಕ್ತವಾದದ್ದು, ತಡವಾಗುತ್ತದೆಂದು ಕಾಯುತ್ತಿರುವವರಿಗೆ ತಿಳಿಸಲು ನೆರವಾಗುವಂಥದ್ದು. ಚಾಲನೆಯ ವೇಳೆ ಮಾತ್ರ ಅದು ಹಿಂದಿನ ಸೀಟಿನಲ್ಲಿ ಕುಳಿತು ಕ್ಷಣಕ್ಷಣಕ್ಕೂ ಗಡಿಯಾರ ನೋಡುವ ಯಜಮಾನನಂತೆ ವರ್ತಿಸುತ್ತದೆ. ಸಂಖ್ಯೆಯನ್ನು ಎರಡು ನಿಮಿಷ ಇಳಿಸಿದೆನೆಂದು ಬೀಗುವವರನ್ನು ನಾವೆಲ್ಲ ಬಲ್ಲೆವು, ಆ ಎರಡು ನಿಮಿಷ ಎಲ್ಲಿಂದ ಬಂದವೆಂದು ಅವರ ಪಕ್ಕದಲ್ಲಿ ಕುಳಿತವರಿಗೆ ಗೊತ್ತಿರುತ್ತದೆ. ವೇಗಮಿತಿ ತೋರಿಸುವ ಸೌಲಭ್ಯವನ್ನು ನಾನು ಒಳ್ಳೆಯ ಅಂಶಗಳ ಪಟ್ಟಿಗೆ ಸೇರಿಸುತ್ತೇನೆ. ಆದರೆ ಕಾಮಗಾರಿ ನಡೆಯುವಲ್ಲಿ, ಶಾಲೆಗಳ ಮುಂದೆ, ಇತ್ತೀಚೆಗೆ ಮಿತಿ ಬದಲಾದ ಕಡೆಗಳಲ್ಲಿ ಅದು ಹಳೆಯ ಸಂಖ್ಯೆಯನ್ನೇ ತೋರಿಸುತ್ತಿರಬಹುದು, ಮತ್ತು ದಂಡ ವಿಧಿಸುವ ಅಧಿಕಾರಿಗೆ ಬೇಕಾದದ್ದು ರಸ್ತೆಬದಿಯ ಫಲಕದ ಸಂಖ್ಯೆ. ಏಕಮುಖ, ಪ್ರವೇಶ ನಿಷೇಧ, ತಿರುವು ನಿಷೇಧಗಳ ವಿಷಯದಲ್ಲೂ ಫಲಕವೇ ಮೇಲು. ಆ್ಯಪ್ ಹೇಳಿತು ಎಂಬುದು ವಿವರಣೆಯಾದೀತು, ಆದರೆ ತಪ್ಪಿನಿಂದ ಬಿಡಿಸುವ ಕಾರಣವಾಗುವುದನ್ನು ನಿರೀಕ್ಷಿಸಬಾರದು.

ಸೂಚನೆಗಳನ್ನು ಪಾಲಿಸುತ್ತ ಹೋದಾಗ ಚಾಲಕರು ದಾರಿಯನ್ನು ನೋಡುತ್ತಾರೆಯೇ ಹೊರತು ಕಲಿಯುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವೇ ದಾರಿ ಹುಡುಕುವವರ ಮಿದುಳಿನಲ್ಲಿ ಕವಲುಗಳು ಎದುರಾದಾಗಲೆಲ್ಲ ಕಾಣುತ್ತಿದ್ದ ಹೆಚ್ಚುವರಿ ಚಟುವಟಿಕೆ, ಉಪಕರಣ ಹೇಳಿದಂತೆ ಸಾಗುವವರಲ್ಲಿ ಕಾಣಲಿಲ್ಲ. ಸುರಕ್ಷತೆಗೆ ಇದರ ಸಂಬಂಧ ನೇರವಾದದ್ದು: ಫೋನು ಆರಿಹೋದಾಗ, ಸಿಗ್ನಲ್ ತಪ್ಪಿದಾಗ, ತಾವು ಎಲ್ಲಿದ್ದೇವೆ, ಯಾವ ದಿಕ್ಕಿಗೆ ಮರಳಬೇಕು ಎಂಬ ಸ್ಥೂಲ ಅರಿವೂ ಇಲ್ಲದವರು ಗಾಬರಿಗೆ ಬೀಳುತ್ತಾರೆ. ಹೊರಡುವ ಮೊದಲು ಇಡೀ ದಾರಿಯನ್ನು ಒಮ್ಮೆ ಪರದೆಯಲ್ಲಿ ಹಿಗ್ಗಿಸಿ, ಕುಗ್ಗಿಸಿ ನೋಡಿದರೆ, ಪರಿಚಯವಿಲ್ಲದ ಕೂಡುರಸ್ತೆಗಳನ್ನು ರಸ್ತೆಯ ಫೋಟೋಗಳನ್ನು ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಗಮನಿಸಿದರೆ, ಇದೇ ಆ್ಯಪ್ ದಾರಿ ಕಲಿಸುವ ಸಾಧನವೂ ಆಗುತ್ತದೆ. ಅದರ ಈ ಉಪಯೋಗವನ್ನು ಜನ ಬಹಳ ಕಡಿಮೆ ಮಾಡಿಕೊಳ್ಳುತ್ತಾರೆ.

ಇನ್ನು ಒಂದೊಂದರ ಬಗ್ಗೆ ಚಿಕ್ಕದಾಗಿ. 2005ರಲ್ಲಿ ಆರಂಭವಾದ ಗೂಗಲ್ ಮ್ಯಾಪ್ಸ್ ಪಥದ ಸೂಚನೆ, ದಟ್ಟಣೆಯ ಮಾಹಿತಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳುವ ಅನುಕೂಲ ಎಲ್ಲವನ್ನೂ ಕೊಡುವ ಸಮಗ್ರ ಸೇವೆ. ದಿನನಿತ್ಯದ ಬಳಕೆಗೆ ನನ್ನ ಮೊದಲ ಆಯ್ಕೆ. 2013ರಲ್ಲಿ ಅದೇ ಸಂಸ್ಥೆ ಕೊಂಡ ವೇಜ್, ಬಳಕೆದಾರರ ವರದಿಗಳನ್ನೇ ಉಸಿರಾಗಿಸಿಕೊಂಡಿರುವುದರಿಂದ ಮುಂದಿರುವ ಅಪಾಯವನ್ನು ಬೇಗ ತಿಳಿಸುತ್ತದೆ, ಆದರೆ ಪರದೆಯ ಮೇಲೆ ಗದ್ದಲ ಹೆಚ್ಚು. ವಾಹನ ಚಲಿಸುತ್ತಿರುವಾಗ ಅದು ಟೈಪ್ ಮಾಡುವುದನ್ನು ತಡೆಯುತ್ತದೆ, ನಾನು ಪ್ರಯಾಣಿಕ ಎಂದು ಒತ್ತಿದರೆ ಬಿಟ್ಟುಬಿಡುತ್ತದೆ. ಆ ಗುಂಡಿಯನ್ನು ಒತ್ತುವವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಪಕ್ಕದಲ್ಲಿ ಫೋನ್ ನೋಡಿಕೊಳ್ಳುವವರು ಇದ್ದರೆ ಮಾತ್ರ ವೇಜ್ ಎನ್ನುತ್ತೇನೆ. ಆ್ಯಪಲ್ ಮ್ಯಾಪ್ಸ್ 2012ರಲ್ಲಿ ಬಂದಾಗ ಆಸ್ಟ್ರೇಲಿಯದ ಮಿಲ್ಡೂರಾ ಪಟ್ಟಣವನ್ನು ಅದು ಇರುವಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ, ನೀರಿಲ್ಲದ ಕುರುಚಲು ಕಾಡಿನ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸಿ, ಅಲ್ಲಿ ಸಿಲುಕಿದವರನ್ನು ಕಾಪಾಡಬೇಕಾಗಿ ಬಂದ ವಿಕ್ಟೋರಿಯಾ ಪೊಲೀಸರು ಸಾರ್ವಜನಿಕ ಎಚ್ಚರಿಕೆ ಹೊರಡಿಸಿದ್ದರು. ಅಲ್ಲಿಂದ ಅದು ಬಹಳ ದೂರ ಬಂದಿದೆ. ಸೂಚನೆಗಳ ಭಾಷೆ ಮತ್ತು ಪರದೆಯ ಶಾಂತತೆಯಲ್ಲಿ ಈಗ ಉಳಿದವುಗಳಿಗಿಂತ ಮೇಲೆಂದು ನನ್ನ ಎಣಿಕೆ. ಆಫ್‌ಲೈನ್ ಆ್ಯಪ್‌ಗಳ ಪೈಕಿ ಆರ್ಗ್ಯಾನಿಕ್ ಮ್ಯಾಪ್ಸ್ ದಟ್ಟಣೆಯ ಬಗ್ಗೆ ಏನೂ ಹೇಳದು, ಪ್ರಶ್ನೆಗಳನ್ನೂ ಕೇಳದು. ಸಿಗ್ನಲ್ ಇಲ್ಲದ ಬೆಟ್ಟ ಕಾಡುಗಳ ಪ್ರಯಾಣಕ್ಕೆ ಅದನ್ನು ಫೋನಿನಲ್ಲಿ ಇಟ್ಟುಕೊಂಡಿರಬೇಕು. ಅಂಥ ಪ್ರದೇಶಗಳಲ್ಲಿ ಯಾವ ಆ್ಯಪ್ಪನ್ನೂ ಪೂರ್ತಿ ನಂಬಬಾರದೆಂದು ಅಮೆರಿಕದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಆಡಳಿತ ಪ್ರವಾಸಿಗರಿಗೆ ಹೇಳುತ್ತ ಬಂದಿದೆ. ಕೈಬಿಟ್ಟ ಹಳೆಯ ಮಣ್ಣುದಾರಿಗೆ ಬಿಸಿಲಿನಲ್ಲಿ ಹೊಕ್ಕವರಿಗೆ ಅಲ್ಲಿ ನೀರೂ ಸಿಗುವುದಿಲ್ಲ, ಸಹಾಯಕ್ಕೆ ಕರೆಯಲು ನೆಟ್‌ವರ್ಕೂ ಸಿಗುವುದಿಲ್ಲ.

ಕೊನೆಯದಾಗಿ ಲಾರಿ, ಬಸ್ಸು, ಕ್ಯಾರವಾನ್ ಓಡಿಸುವವರಿಗೆ ಒಂದು ಮಾತು. ಮೇಲಿನ ಯಾವ ಸೇವೆಯನ್ನೂ ನಾನು ಅವರಿಗೆ ಶಿಫಾರಸು ಮಾಡಲಾರೆ. ಕಾರು ಮತ್ತು ಬೈಕುಗಳನ್ನು ಗಮನದಲ್ಲಿಟ್ಟು ರೂಪಿಸಿದ ಈ ಆ್ಯಪ್‌ಗಳು ಕೊಡುವ ದಾರಿ ವಾಹನದ ಎತ್ತರ, ಅಗಲ, ತೂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದಲ್ಲ. ತಗ್ಗಾದ ರೈಲು ಸೇತುವೆಯ ಕೆಳಗೆ ಸಿಲುಕಿದ ಲಾರಿಗಳ ಕಥೆಗಳಲ್ಲಿ ಕಾರಿನ ನ್ಯಾವಿಗೇಷನ್ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದರಿಂದಲೇ. ಆ ಅಳತೆಗಳನ್ನು ನಮೂದಿಸಲು ಅವಕಾಶವಿರುವ, ಭಾರಿ ವಾಹನಗಳಿಗೆಂದೇ ತಯಾರಾದ ನ್ಯಾವಿಗೇಷನ್ ಸಾಧನಗಳು ಬೇರೆ ಇವೆ. ಅವನ್ನು ಕೊಳ್ಳುವವರು ವಾಹನದ ಎತ್ತರವನ್ನು ಅಂದಾಜಿನಿಂದ ತುಂಬದೆ, ಹೊರೆ ಹೇರಿದ ಮೇಲೆ ಅಳೆದು ತುಂಬಬೇಕು, ಮತ್ತು ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಕಣ್ಣಿಗೆ ಕಾಣುವಲ್ಲಿ ಅಂಟಿಸಿಕೊಳ್ಳಬೇಕು. ಸೇತುವೆಯ ಮೇಲೆ ಬರೆದ ಎತ್ತರ ಅದಕ್ಕಿಂತ ಕಡಿಮೆಯಿದ್ದರೆ ಸಾಧನ ಏನೇ ಹೇಳುತ್ತಿದ್ದರೂ ಲಾರಿ ಅಲ್ಲಿಯೇ ನಿಲ್ಲಬೇಕು.